ರಾಮೋನನ ಎಡಗಾಲಿನ ಬೂಟು

ಡಾಲಸ್ ವಿಮಾನ ನಿಲ್ದಾಣ

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ. ಅಮೆರಿಕದಲ್ಲೂ ಒಂದು ಆಸ್ಟಿನ್ ಇದೆ, ಅಲ್ಲೂ ಫುಟ್‌ಬಾಲ್ ಆಡುತ್ತಾರೆ, ಆ ಆಟ ನೋಡುವುದಕ್ಕೆ ಅರವತ್ತೊಂದನೆಯ ವಯಸ್ಸಿನಲ್ಲಿ ನೀನು ಎರಡು ವಿಮಾನ ಬದಲಾಯಿಸಿ ಹೋಗುತ್ತೀಯ ಎಂದು ಯಾರಾದರೂ ಹೇಳಿದ್ದರೆ, ‘ಹೋಗಯ್ಯಾ, ಬೆಳಿಗ್ಗೆಯಿಂದ ಬೇರೆ ಯಾರೂ ಸಿಗಲಿಲ್ವಾ?’ ಎನ್ನುತ್ತಿದ್ದೆ. ಹೋಗಿ ಬಂದೆ! ಹೋಗಿ ಬಂದದ್ದಷ್ಟೇ ಅಲ್ಲ, ಅಲ್ಲಿ ನನ್ನ ಮಾನ ಕಳೆದುಕೊಂಡು, ಅದನ್ನು ಹುಡುಕಿಕೊಂಡು ಮೂರು ಊರು ಸುತ್ತಿದೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಆಟಗಾರರ ಬೂಟು, ಜೆರ್ಸಿ, ಸಾಕ್ಸ್ ನೋಡಿಕೊಂಡವನು ನಾನು. ಕಾಗದದ ಮೇಲೆ ಕಿಟ್ ಮ್ಯಾನೇಜರ್. ಬಾಯಲ್ಲಿ ಸೀನಣ್ಣ. ಕಿಟ್ ರೂಮಿನಲ್ಲಿ ನನ್ನದು ಒಂದೇ ಕಾನೂನು: ಜೊತೆ ಬೂಟುಗಳ ಲೇಸ್ ಒಂದಕ್ಕೊಂದು ಗಂಟು ಹಾಕಿಯೇ ಇಡಬೇಕು. ಹಾಕದೆ ಇಟ್ಟವನು ಎಷ್ಟು ದೊಡ್ಡ ಆಟಗಾರನಾದರೂ ಬೈಗುಳ ತಪ್ಪಿದ್ದಲ್ಲ.

ಆ ಬೈಗುಳ ಹೆಚ್ಚು ತಿಂದವನು ರಾಮೋನ್. ಸ್ಪೇನಿನ ಮಿಡ್‌ಫೀಲ್ಡರ್, ಎಡಗಾಲಿನ ಆಟಗಾರ. ನೀವು ಟಿವಿಯಲ್ಲಿ ನೋಡುವ ದೊಡ್ಡ ಕ್ಲಬ್‌ಗಳಲ್ಲಿ ಆಡಿದವನಲ್ಲ. ತನ್ನ ದೇಶದ ಕೆಳ ದರ್ಜೆಯಲ್ಲಿ ನಾಲ್ಕು ಕ್ಲಬ್, ಆಮೇಲೆ ಸೈಪ್ರಸ್, ಪೋಲೆಂಡ್, ನಮ್ಮ ಬೆಂಗಳೂರು, ಇಂಡೋನೇಷ್ಯಾದಲ್ಲಿ ಎರಡು, ಮೆಕ್ಸಿಕೊ, ಈಗ ಟೆಕ್ಸಾಸ್‌ನ ಆಸ್ಟಿನ್. ಎಲ್ಲಿ ಅರ್ಧ ಸೀಸನ್ನಿಗೆ ಒಬ್ಬ ಬೇಕೋ ಅಲ್ಲಿಗೆ ಇವನನ್ನು ಕರೆಸುತ್ತಾರೆ, ಕೆಲಸ ಮುಗಿದರೆ ಕೈ ಕುಲುಕಿ ಕಳಿಸುತ್ತಾರೆ. ನಮ್ಮವರೂ ಹಾಗೇ ಮಾಡಿದರು. ಅವನು ಹೊರಟ ದಿನ ಏರ್‌ಪೋರ್ಟಿಗೆ ಬಿಡಲು ಹೋದವನು ನಾನೊಬ್ಬನೇ.

ನಮ್ಮಲ್ಲಿದ್ದಾಗ ಅವನ ಎಡಗಾಲಿನ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬೂಟು ಹಾಕಿದರೆ ಪ್ರಾಣ ಹೋಗುವ ನೋವು. ಡಾಕ್ಟರು ಈ ಸೀಸನ್ ಮುಗಿಯಿತು ಎಂದರು. ನಾನು ಸೀಸೆಯ ಬಿರಡೆ ಮಾಡುವ ಕಾರ್ಕಿನ ಒಂದು ತುಂಡನ್ನು ಹುಣಸೆ ಬೀಜದಷ್ಟು ದಪ್ಪಕ್ಕೆ ಹೆರೆದು, ಬೆರಳಿನ ಡೊಂಕಿಗೆ ಸರಿಯಾಗಿ ಕೊರೆದು, ಬೂಟಿನ ಒಳಗಿನ ಸೋಲ್ ಕೆಳಗೆ ಕೂರಿಸಿದೆ. ಮುಂದಿನ ವಾರವೇ ಆಡಿದ.

ಈಗ ಅವನಿಗೆ ಮೂವತ್ತೇಳು. ಬೇಸಿಗೆಯಲ್ಲೇ ಬರೆದಿದ್ದ: ಹೊಸ ಕೋಚ್ ಬಂದಿದ್ದಾನೆ, ಸೀಸನ್ನಿನ ಕೊನೆಯ ಮ್ಯಾಚ್ ಆದ ಮೇಲೆ ನನಗೆ ಇನ್ನೊಂದು ವರ್ಷ ಇದೆಯೋ ಇಲ್ಲವೋ ಹೇಳುತ್ತಾನೆ, ಅವತ್ತು ನೀನು ಇಲ್ಲಿರಬೇಕು ಸೀನಾ, ಎಂದು. ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿರುವ ಅಕ್ಕನ ಮಗಳು ಶೈಲಜಾ ‘ಬನ್ನಿ ಮಾಮ, ಬನ್ನಿ’ ಎಂದು ವರ್ಷಗಳಿಂದ ಕರೆಯುತ್ತಲೇ ಇದ್ದಳು. ಹೊರಟೇಬಿಟ್ಟೆ.

ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿ, ದಬ್ಬಣ, ಜೇನುಮೇಣದ ದಾರ, ಹರಳೆಣ್ಣೆ ಸೀಸೆ, ಒಂದು ಕಾರ್ಕ್ ಹಾಳೆ ಎಲ್ಲವನ್ನೂ ಮೇಜಿನ ಮೇಲೆ ಹರಡಿದ. ‘ಏನಿದು?’ ಎಂದ. ‘ಫುಟ್‌ಬಾಲ್’ ಎಂದೆ. ಅವನ ಮುಖ ಅರಳಿತು. ಅವರ ಫುಟ್‌ಬಾಲ್ ಕೈಯಲ್ಲಿ ಆಡುವ ಆಟ, ಕೈ ಎತ್ತಿ ಚೆಂಡು ಎಸೆದಂತೆ ತೋರಿಸಿ ಯಾವ ತಂಡ ಎಂದು ಕೇಳಿದ. ನಾನು ಅಲ್ಲ ಅಲ್ಲ ಎಂದು ಕಾಲು ಎತ್ತಿ ಒದ್ದು ತೋರಿಸಿದೆ. ಹಿಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಅಧಿಕಾರಿ ಕಾರ್ಕ್ ಹಾಳೆಯನ್ನು ಮೂಸಿ ನೋಡಿ, ನಕ್ಕು, ವಾಪಸ್ ಕೊಟ್ಟ.

ಮೆಕಿನ್ನಿ

ಶೈಲೂ ಮನೆಯ ಬೀದಿ ಎಷ್ಟು ಚೊಕ್ಕಟವೆಂದರೆ ಅದರಲ್ಲಿ ಮನುಷ್ಯರೇ ಇಲ್ಲ. ಬಾಗಿಲುಗಳು ತಾವಾಗಿ ತೆರೆದು ಕಾರುಗಳನ್ನು ನುಂಗಿ ಮುಚ್ಚಿಕೊಳ್ಳುತ್ತವೆ. ನಮ್ಮ ಬೀದಿಯಲ್ಲಾದರೆ ಈ ಹೊತ್ತಿಗೆ ಮೂರು ಜನ ಕೂಗಿ ‘ಎಲ್ಲಿಗೆ ಸೀನಣ್ಣಾ?’ ಎಂದಿರುತ್ತಿದ್ದರು.

ಮೊದಲ ದಿನವೇ ಚಪ್ಪಲಿಯ ವಿಷಯಕ್ಕೆ ಮಾತು ಬಂತು. ನಾನು ಬಾಗಿಲ ಹೊರಗೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹುಲ್ಲಿಗೆ ನೀರು ಹಾರಿಸುವ ಯಂತ್ರ ಅದಕ್ಕೂ ಸ್ನಾನ ಮಾಡಿಸಿತ್ತು.

“ಮಾಮ, ಗ್ಯಾರೇಜಲ್ಲಿ ರ‍್ಯಾಕ್ ಇದೆ, ಒಳಗಿಡಿ ಅಂದೆ ತಾನೆ?” ಎಂದಳು ಶೈಲೂ.

“ಚಪ್ಪಲಿ ಒಳಗೆ ತರೋದು ಯಾವ ಸೀಮೆ ಪದ್ಧತಿಯೇ? ನಿಮ್ಮಮ್ಮ ಕಂಡಿದ್ರೆ ಅದೇ ಚಪ್ಪಲೀಲಿ ಕೊಡ್ತಿದ್ಲು.”

“ತಾತ, ನೋಬಡಿ ಲೀವ್ಸ್ ಶೂಸ್ ಔಟ್‌ಸೈಡ್ ಹಿಯರ್,” ಎಂದಳು ಅವಳ ಮಗಳು ದಿಶಾ, ಹನ್ನೊಂದರ ಪೋರಿ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಕ್ಕಳ ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಮಂಗಳವಾರ ಸಂಜೆ ರಾಮೋನನ ತಂಡ ಡಾಲಸ್‌ಗೆ ಆಡಲು ಬಂತು. ಆಟಕ್ಕೆ ಎರಡು ಗಂಟೆ ಮೊದಲೇ ಜನ ಸ್ಟೇಡಿಯಂ ಹೊರಗೆ ಕಾರು ನಿಲ್ಲಿಸಿ, ಹಿಂಬಾಗಿಲು ತೆರೆದು, ಕುರ್ಚಿ ಹಾಕಿ, ಒಲೆ ಹಚ್ಚಿ ಅಡುಗೆ ಮಾಡುತ್ತಿದ್ದರು! ನಮ್ಮಲ್ಲಿ ಮ್ಯಾಚಿಗೆ ಕಡಲೆಕಾಯಿ ಪೊಟ್ಟಣ ತಂದರೆ ಅದೇ ದೊಡ್ಡ ಸಂಭ್ರಮ. ಗುರುತು ಪರಿಚಯವಿಲ್ಲದ ಒಬ್ಬ ದಪ್ಪ ಮನುಷ್ಯ ನನ್ನನ್ನು ಕರೆದು ಸುಟ್ಟ ಜೋಳದ ತೆನೆ ಕೊಟ್ಟ. ಬೆಣ್ಣೆ ಸವರಿದ್ದ. ನಿಂಬೆಹಣ್ಣು, ಖಾರದಪುಡಿ ಸವರಬೇಕಪ್ಪಾ ಎಂದು ಹೇಳಿಕೊಟ್ಟು ಬಂದೆ.

ಆದರೆ ರಾಮೋನನನ್ನು ಆಡಿಸಲಿಲ್ಲ. ಎರಡನೆಯ ಅರ್ಧ ಪೂರ್ತಿ ಗೆರೆಯ ಹೊರಗೆ ಅತ್ತಿಂದಿತ್ತ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಲೇ ಇದ್ದ, ಕೋಚ್ ತಿರುಗಿಯೂ ನೋಡಲಿಲ್ಲ. ಆಟ ಮುಗಿದ ಮೇಲೆ ಅವನು ಕಂಬಿಯ ಹತ್ತಿರ ಓಡಿ ಬಂದು, “ಏನ್ ಗುರು!” ಎಂದು ಕೂಗಿ ಅಪ್ಪಿಕೊಂಡ. ನಮ್ಮ ಕಿಟ್ ರೂಮಿನಲ್ಲಿ ಕಲಿತ ಮಾತು, ಇನ್ನೂ ಮರೆತಿಲ್ಲ. ಗಡ್ಡದಲ್ಲಿ ಬಿಳಿ ಇಣುಕಿತ್ತು.

ಕಾಲಿನಿಂದ ಬೂಟು ತೆಗೆದು ನನ್ನ ಕೈಗಿಟ್ಟ. ಎಡಗಾಲಿನದರ ಮುಂಭಾಗ ಬಾಯಿ ಬಿಟ್ಟಿತ್ತು. ಒಳಗಿನ ಸೋಲ್ ಎತ್ತಿ ನೋಡುತ್ತೇನೆ, ಅದೇ ಕಾರ್ಕ್! ನಾನು ಬೆಂಗಳೂರಿನಲ್ಲಿ ಕೊರೆದದ್ದು. ಬೆವರು ಕುಡಿದು ಕಪ್ಪಾಗಿದೆ. ಬೂಟುಗಳು ಎಷ್ಟೋ ಬದಲಾದರೂ ಈ ತುಂಡನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಂದಿದ್ದಾನೆ. ನನಗೆ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

“ಹೊಸ ಕಾರ್ಕ್ ತಂದಿದೀನಿ, ಹಾಕ್ಲಾ?” ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

“ಈಗ ಮುಟ್ಟಬೇಡ ಸೀನಾ. ಶನಿವಾರ ಇದರಲ್ಲೇ ಆಡ್ತೀನಿ. ಹೊಲಿದು ಕೊಡು ಸಾಕು.” ಸಾಕು ಎನ್ನುವುದನ್ನು ಕನ್ನಡದಲ್ಲೇ ಹೇಳಿದ.

ಗುರುವಾರದ ಕಥೆ

ಬುಧವಾರ ಪೂರ್ತಿ ಬೂಟಿನ ಸೇವೆ. ದಬ್ಬಣದಲ್ಲಿ ಹೊಲಿದೆ, ಅಂಟು ಹಾಕಿದೆ, ಹರಳೆಣ್ಣೆಗೆ ಚೂರು ಕರ್ಪೂರ ಸೇರಿಸಿ ಚರ್ಮಕ್ಕೆ ತಿಕ್ಕಿದೆ. ಲೇಸ್ ಬಿಚ್ಚಿ ತೊಳೆದು ಬಚ್ಚಲಲ್ಲಿ ಒಣಹಾಕಿದೆ. ಸಂಜೆ ಬೂಟನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಹೊರಗಿಟ್ಟೆ. ಎಣ್ಣೆಗೆ ಗಾಳಿಯೂ ಆಡಬೇಕು, ಹೊಸಿಲೂ ಮೈಲಿಗೆಯಾಗಬಾರದು!

ಗುರುವಾರ ಬೆಳಿಗ್ಗೆ ಕಾಫಿ ಕುಡಿದು ಬಾಗಿಲು ತೆರೆದರೆ ಚೀಲ ಇಲ್ಲ. ಗಿಡದ ಹಿಂದೆ ನೋಡಿದೆ, ಪಕ್ಕದ ಮನೆಯ ಅಂಗಳದಲ್ಲಿ ಇಣುಕಿದೆ. ಕಳ್ಳರೇ? ಈ ಬೀದಿಯಲ್ಲಿ ಕದಿಯಲು ನಡೆದುಕೊಂಡು ಬರುವವರಾದರೂ ಯಾರು?

ಶೈಲೂ ಬಾಗಿಲ ಹಿಡಿಗೆ ಸಿಕ್ಕಿಸಿದ್ದ ಒಂದು ಚೀಟಿ ತೆಗೆದು ಓದಿ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾಮ! ಇವತ್ತು ಡೊನೇಶನ್ ಪಿಕಪ್. ಹಳೇ ಶೂ ಇದ್ರೆ ಚೀಲಕ್ಕೆ ಹಾಕಿ ಬಾಗಿಲ ಹೊರಗಿಡಿ ಅಂತ ಬರೆದಿದ್ದಾರೆ. ತಗೊಂಡು ಹೋಗಿದ್ದಾರೆ.”

ದಾನ! ನಾನು ರಾಮೋನನ ಬೂಟನ್ನು ದಾನ ಮಾಡಿದ್ದೆ! ಅದರೊಳಗಿನ ಕಾರ್ಕ್ ಸಮೇತ, ಕೊನೆಯ ಮ್ಯಾಚಿಗೆ ಎರಡು ದಿನ ಇರುವಾಗ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನಾನು ಮೆಟ್ಟಿಲ ಮೇಲೆ ಕೂತೆ. ದಿಶಾ ಸ್ಕೂಲ್ ಬ್ಯಾಗ್ ಹಾಕಿಕೊಂಡು ಹೊರಗೆ ಬಂದವಳು ನನ್ನ ಮುಖ ನೋಡಿ, ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು, ಭುಜ ತಟ್ಟಿ ಹೋದಳು.

ಶೈಲೂ ಫೋನಿನಲ್ಲಿ ಒಂದು ಗಂಟೆ ಕಾದು ಕಾದು ಕೊನೆಗೆ ವಿಷಯ ತಿಳಿದುಕೊಂಡಳು. ಎಲ್ಲ ಊರುಗಳ ಬೂಟು ಚಪ್ಪಲಿ ಹ್ಯೂಸ್ಟನ್ನಿನ ಒಂದು ಗೋದಾಮಿಗೆ ಹೋಗುತ್ತವೆ. ಅಲ್ಲಿ ವಿಂಗಡಿಸಿ ಹಡಗಿಗೆ ತುಂಬುತ್ತಾರೆ. ಇವತ್ತಿನ ಲಾರಿ ರಾತ್ರಿಯೊಳಗೆ ಅಲ್ಲಿರುತ್ತದೆ.

“ಎಷ್ಟು ದೂರ?”

“ನಾಲ್ಕೂವರೆ ಗಂಟೆ ಡ್ರೈವ್ ಮಾಮ. ನಾಳೆ ನಾನು ರಜಾ ಹಾಕ್ತೀನಿ, ದಿಶಾ ಅವರಪ್ಪನ ಜೊತೆ ಇರ್ತಾಳೆ. ಅಲ್ಲಿಂದಲೇ ಆಸ್ಟಿನ್‌ಗೆ ಹೋಗಿಬಿಡೋಣ.”

ಅಷ್ಟರಲ್ಲಿ ರಾಮೋನನ ಫೋನ್. ಬೂಟು ಆಯಿತಾ ಎಂದು ಕೇಳಿದ. ‘ಆಯ್ತು, ಫಸ್ಟ್ ಕ್ಲಾಸ್ ಆಗಿದೆ’ ಎಂದೆ. ಆಗಿದ್ದದ್ದು ನಿಜ, ಎಲ್ಲಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹ್ಯೂಸ್ಟನ್, ಕೇಟಿ

ದಾರಿಯುದ್ದಕ್ಕೂ ಒಂದೇ ಒಂದು ತಿರುವಿಲ್ಲ, ಒಂದು ಹಂಪ್ ಇಲ್ಲ, ಅಡ್ಡ ಬರುವ ಹಸುವಿಲ್ಲ. ಆಕಾಶ ಮಾತ್ರ ಬೇಕಾದಷ್ಟು. ಬೇರೆ ದಿನವಾಗಿದ್ದರೆ ಹಾಡು ಹೇಳಿಕೊಂಡು ಹೋಗುತ್ತಿದ್ದೆ. ಅವತ್ತು ಮುಂದೆ ಹೋಗುವ ಪ್ರತಿ ಲಾರಿಯನ್ನೂ ಗುಮಾನಿಯಿಂದ ನೋಡಿದೆ.

ಹ್ಯೂಸ್ಟನ್ ಹೊರಗಿನ ಕೇಟಿಯಲ್ಲಿ ಶೈಲೂಗೆ ಪರಿಚಯದ ಪಾಟೀಲರು ನಮಗಾಗಿ ಕಾಯುತ್ತಿದ್ದರು. ಹುಬ್ಬಳ್ಳಿಯವರು. ಸಾಮಾನು ಸಾಗಿಸುವ ಸ್ವಂತ ಲಾರಿಗಳಿವೆ, ಊರಿನ ಗೋದಾಮುಗಳೆಲ್ಲ ಅಂಗೈ ರೇಖೆಯಷ್ಟು ಗೊತ್ತು.

“ಬರ್ರಿ ಬರ್ರಿ! ಮೊದ್ಲ ಒಂದ್ ರೊಟ್ಟಿ ತಿನ್ರಿ.”

“ಪಾಟೀಲರೇ, ಗಂಟಲಲ್ಲಿ ನೀರೂ ಇಳಿಯಲ್ಲ ಈಗ.”

“ಹಂಗಾದ್ರ ಕಟಗೊಂಡ ಹೋಗೂಣ. ಚಿಂತಿ ಮಾಡಬ್ಯಾಡ್ರಿ. ಬೂಟ್ ಏನ್ ಕಾಲ್ ಬಂದು ಓಡಿ ಹೋಗ್ತಾವೇನ್ರಿ?”

ಗೋದಾಮಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಬೂಟು, ಚಪ್ಪಲಿ, ಸ್ಯಾಂಡಲ್ಲುಗಳ ಗುಡ್ಡ. ಒಂದಲ್ಲ, ಐದಾರು ಗುಡ್ಡ! ಮೇಲ್ವಿಚಾರಕಿ ಗ್ಲೋರಿಯಾ ಎನ್ನುವ ಹೆಂಗಸು, ನನ್ನದೇ ವಯಸ್ಸು, ಕೊರಳಲ್ಲಿ ಸೀಟಿ. ಶೈಲೂ ಎಲ್ಲ ವಿವರಿಸಿದಳು. ಆಕೆ ತಲೆ ಅಲ್ಲಾಡಿಸಿದಳು. ಒಳಗೆ ಬಂದದ್ದು ಯಾವುದೂ ಹೊರಗೆ ಹೋಗುವುದಿಲ್ಲ, ದಿನಾ ಹೀಗೆ ಕಥೆ ಹೇಳಿಕೊಂಡು ಬರುವವರಿದ್ದಾರೆ ಎಂದಳು.

ನನಗೆ ಸಿಟ್ಟು ಬರಲಿಲ್ಲ. ನನ್ನ ಕಿಟ್ ರೂಮಿನಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಮುಂದೆ ಬಂದು ಹೇಳಿದೆ: “ಮೇಡಂ, ಎಡಗಾಲಿನ ಬೂಟಿನೊಳಗೆ, ಸೋಲ್ ಕೆಳಗೆ, ಕಿರುಬೆರಳಿನ ಹತ್ತಿರ ಒಂದು ಕಾರ್ಕ್ ತುಂಡಿದೆ. ಕಪ್ಪಗಿದೆ. ನಾನೇ ಕೊರೆದದ್ದು. ಬೂಟು ಸಿಕ್ಕಿದಾಗ ಅದರಲ್ಲಿ ಕಾರ್ಕ್ ಇಲ್ಲದಿದ್ದರೆ ಕೊಡಬೇಡಿ.” ಶೈಲೂ ಅದನ್ನು ಒಳ್ಳೆಯ ಇಂಗ್ಲಿಷಿಗೆ ತಂದಳು.

ಗ್ಲೋರಿಯಾ ನನ್ನ ಅಂಟು ಮೆತ್ತಿದ ಬೆರಳುಗಳನ್ನು ನೋಡಿದಳು. ಒಳಗೆ ಹೋಗಿ ಮೂರು ಹಳದಿ ಅಂಗಿ ತಂದಳು. ಹೊರಗಿನವರು ಗುಡ್ಡ ಮುಟ್ಟುವಂತಿಲ್ಲ, ಸ್ವಯಂಸೇವಕರು ಮುಟ್ಟಬಹುದು, ಐದು ಗಂಟೆಯವರೆಗೆ ವಿಂಗಡಿಸಿ ಎಂದಳು.

ಆಹಾ, ಕೊಟ್ಟದ್ದು ಯಾರಿಗೆ ಯಾವ ಕೆಲಸ! ನಾನು ತೋಳು ಮಡಚಿ ಕೂತೆ. ಜೊತೆ ಹುಡುಕು, ಲೇಸ್ ಗಂಟು ಹಾಕು, ಪಕ್ಕಕ್ಕಿಡು. ಅರ್ಧ ಗಂಟೆಯಲ್ಲಿ ನನ್ನ ಮುಂದಿನ ಸಾಲು ನೋಡಿ ಅಕ್ಕಪಕ್ಕದವರು ಕೆಲಸ ನಿಲ್ಲಿಸಿದರು. ಪಾಟೀಲರು ಮಾತ್ರ ಒಂದೊಂದು ಬೂಟನ್ನೂ ಎತ್ತಿ, “ಇದು ಛಲೋ ಐತಿ ನೋಡ್ರಿ, ಯಾಕ್ ಬಿಟ್ರೋ ಪುಣ್ಯಾತ್ಮರು,” ಎಂದು ಮರುಗುತ್ತಾ ಕೂತಿದ್ದರು.

ನಾಲ್ಕೂವರೆ ಆಗಿತ್ತು. ಶೈಲೂ ಹೊಸ ಗೋಣಿಯೊಂದನ್ನು ಸುರಿದಳು. ಮೂಗಿಗೆ ಸಣ್ಣಗೆ ಕರ್ಪೂರದ ವಾಸನೆ ಬಡಿಯಿತು!

“ಅಲ್ಲಾಡಬೇಡಿ ಯಾರೂ!” ಎಂದು ಕಿರುಚಿದೆ. ಮೊಣಕಾಲೂರಿ, ನಾಯಿಯ ಹಾಗೆ ಮೂಸುತ್ತಾ, ಎರಡೂ ಕೈಯಲ್ಲಿ ತೋಡಿದೆ. ಸಿಕ್ಕಿತು. ಎಡಗಾಲಿನದು. ಗ್ಲೋರಿಯಾ ಬಂದು ತಾನೇ ಸೋಲ್ ಎತ್ತಿ, ಕಾರ್ಕ್ ಮುಟ್ಟಿ ನೋಡಿ, ಬೂಟನ್ನು ಎರಡು ಕೈಯಲ್ಲಿ ನನಗೆ ಕೊಟ್ಟಳು.

ಬಲಗಾಲಿನದು? ಐದೂವರೆಯವರೆಗೆ ಹುಡುಕಿದೆವು. ಸಿಗಲಿಲ್ಲ. ಬೆಳಿಗ್ಗೆಯೇ ಒಂದು ಲೋಡ್ ಬಂದರಿಗೆ ಹೋಗಿತ್ತಂತೆ. ಲೇಸ್ ಇದ್ದಿದ್ದರೆ ಗಂಟು ಹಾಕಿರುತ್ತಿದ್ದೆ, ಗಂಟಿದ್ದಿದ್ದರೆ ಜೊತೆಯಾಗೇ ಇರುತ್ತಿದ್ದವು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದ ಬುದ್ಧಿ ನನ್ನ ಕೈಯಲ್ಲೇ ಕೆಟ್ಟಿತು. ಆ ಲೇಸ್ ಜೋಡಿ ನನ್ನ ಜೇಬಿನಲ್ಲೇ ಇತ್ತು, ಸೋಪಿನ ವಾಸನೆ ಹೊಡೆಯುತ್ತಾ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಒಂದು ಲೇಸಿಗೆ ಹೋಯಿತು.

ಆಸ್ಟಿನ್

ರಾತ್ರಿ ಪಾಟೀಲರ ಮನೆಯಲ್ಲೇ ಕಳೆದೆವು, ಶನಿವಾರ ಬೆಳಿಗ್ಗೆ ಅವರೂ ಕಾರು ಹತ್ತಿದರು. ಇಷ್ಟು ಹುಡುಕಿದ ಮೇಲೆ ಬೂಟಿನ ಆಟ ನೋಡದೆ ಬಿಡುವುದುಂಟೇ ಎಂದರು.

ರಾಮೋನ್ ಸ್ಟೇಡಿಯಂ ಗೇಟಿಗೆ ಬಂದ. ನಾನು ಎಡಗಾಲಿನ ಬೂಟನ್ನು ಮುಂದೆ ಹಿಡಿದು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬಾಗಿಲು, ಚೀಲ, ಲಾರಿ, ಗುಡ್ಡ, ಲೇಸ್. ಫೋನಿನಲ್ಲಿ ಮುಚ್ಚಿಟ್ಟದ್ದನ್ನೂ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಅವನು ಬೂಟಿನೊಳಗೆ ಕೈ ಹಾಕಿ, ಬೆರಳ ತುದಿಯಲ್ಲಿ ಕಾರ್ಕ್ ಹುಡುಕಿದ. ಸಿಕ್ಕಿದಾಗ ಉಸಿರು ಬಿಟ್ಟ. ಆಮೇಲೆ ನಗಲು ಶುರು ಮಾಡಿದ ನೋಡಿ, ಗೇಟಿನ ಕಾವಲುಗಾರ ಬಗ್ಗಿ ನೋಡುವಷ್ಟು ನಕ್ಕ.

“ಸೀನಾ, ಬಲಗಾಲು ನನಗೆ ಬರೀ ನಿಂತ್ಕೊಳ್ಳೋದಕ್ಕೆ! ಲೇಸ್ ಕೊಡು.”

ಸಂಜೆ ಅವನು ಮೈದಾನಕ್ಕೆ ಬಂದಾಗ ಎಡಗಾಲಿನಲ್ಲಿ ನಮ್ಮ ಕಪ್ಪು ಬೂಟು, ಬಲಗಾಲಿನಲ್ಲಿ ಕಣ್ಣು ಕುಕ್ಕುವ ಹಳದಿ ಬೂಟು. ಹಿಂದೆ ಕೂತಿದ್ದ ಹೆಂಗಸು ಇದೇನು ಹೊಸ ಸ್ಟೈಲಾ ಎಂದು ಕೇಳಿದಳು. ಶೈಲೂ ಒಂಚೂರೂ ನಗದೆ, ಬೆಂಗಳೂರಿನಲ್ಲಿ ಈಗ ಎಲ್ಲರೂ ಹೀಗೇ ಎಂದಳು.

ಆಸ್ಟಿನ್ ಒಂದು ಗೋಲಿನಿಂದ ಹಿಂದಿತ್ತು. ಅರ್ಧ ಆಟವಾಯಿತು, ಒಂದು ಗಂಟೆಯಾಯಿತು, ರಾಮೋನ್ ಬೆಂಚಿನಲ್ಲೇ. ಕೊನೆಯ ಇಪ್ಪತ್ತು ನಿಮಿಷ ಇರುವಾಗ ಕೋಚ್ ತಿರುಗಿ ನೋಡಿ ಅವನನ್ನು ಆಟಕ್ಕಿಳಿಸಿದ! ನಾನು ಸೀಟಿನ ಮೇಲೆ ಹತ್ತಿ ನಿಂತೆ. ‘ಕೂತ್ಕೊಳ್ಳಿ ಮಾಮ’ ಎಂದು ಶೈಲೂ ಅಂಗಿ ಎಳೆಯುತ್ತಿದ್ದಳು. ಪಾಟೀಲರೂ ಹತ್ತಿ ನಿಂತರು.

ಅವನ ಆಟ ಗೊತ್ತಿಲ್ಲದವರಿಗೆ ಅವನು ಏನೂ ಮಾಡುತ್ತಿಲ್ಲ ಎನಿಸುತ್ತದೆ. ಓಡುವುದು ಕಡಿಮೆ. ಕೈ ತೋರಿಸುತ್ತಾನೆ, ಕೂಗುತ್ತಾನೆ, ಚೆಂಡು ಬಂದರೆ ಬಂದಷ್ಟೇ ಬೇಗ ಇನ್ನೊಬ್ಬನಿಗೆ ಕೊಡುತ್ತಾನೆ. ಚೆನ್ನಾಗಿ ಬಡಿಸುವವರು ಇರುತ್ತಾರಲ್ಲ ನಮ್ಮ ಮದುವೆ ಮನೆಗಳಲ್ಲಿ, ಯಾರ ಎಲೆಯಲ್ಲಿ ಏನು ಮುಗಿದಿದೆ ಎಂದು ಕೇಳದೆ ಗೊತ್ತಾಗುವವರು, ಹಾಗೆ. ಐದು ನಿಮಿಷದಲ್ಲಿ ಇಡೀ ತಂಡಕ್ಕೆ ಉಸಿರು ಬಂತು.

ಕೊನೆಯ ಗಳಿಗೆ. ಎದುರಿಗೆ ಇಬ್ಬರು ಅಡ್ಡ ನಿಂತಿದ್ದರು. ಅವನು ಬಲಗಾಲಿನ ಮೇಲೆ ನಿಂತ. ಹೇಳಿದ ಹಾಗೇ, ನಿಲ್ಲುವುದಕ್ಕೆ. ಎಡಗಾಲಿನ ಕಿರುಬೆರಳಿನ ಪಕ್ಕದಿಂದ ಚೆಂಡನ್ನು ಮೆಲ್ಲಗೆ ಸವರಿದ. ಆ ಇಬ್ಬರ ನಡುವೆ ಒಂದು ಸಂದಿ ಇದೆ ಎಂದು ಚೆಂಡು ದಾಟಿದ ಮೇಲೇ ನಮಗೆ ಗೊತ್ತಾದದ್ದು. ಮುಂದಿದ್ದ ಹುಡುಗ ಒದ್ದ. ಗೋಲ್! ನಾನು ಕೂಗಿದ ಕೂಗಿಗೆ ಗಂಟಲು ಬಿದ್ದು ಹೋಯಿತು. ಪಾಟೀಲರು ಹಿಂದಿನ ಸಾಲಿನ ಹೆಂಗಸಿನ ಕೈ ಹಿಡಿದು ಕುಣಿಯುತ್ತಿದ್ದರು. ಆಕೆಯೂ ಕುಣಿಯುತ್ತಿದ್ದಳು.

ಒಂದು-ಒಂದರಲ್ಲಿ ಸಮವಾಗಿ ಆಟ ಮುಗಿಯಿತು. ಕೋಚ್ ರಾಮೋನನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ. ಆ ಕೈ ಯಾವ ಕೈ ಎಂದು ನನಗೆ ತಿಳಿಯಲಿಲ್ಲ. ಕಳಿಸಿಕೊಡುವವರೂ ಹೆಗಲ ಮೇಲೆಯೇ ಕೈ ಹಾಕುತ್ತಾರೆ, ನಾನು ಕಂಡಿದ್ದೇನೆ.

ಭಾನುವಾರ, ದ ಡೊಮೇನ್

ಆಸ್ಟಿನ್ನಿನ ದ ಡೊಮೇನ್ ಎನ್ನುವ ಬಡಾವಣೆಯ ಹತ್ತಿರ ಶೈಲೂ ಎರಡು ದಿನಕ್ಕೆ ಒಂದು ಮನೆ ಹಿಡಿದಿದ್ದಳು. ಆಫೀಸು, ಅಂಗಡಿ, ನಾಯಿ ಹಿಡಿದುಕೊಂಡ ಜನ. ಕೊನೆಗೂ ಕಾಲಲ್ಲಿ ನಡೆಯುವ ಮನುಷ್ಯರನ್ನು ಕಂಡೆ. ಮಧ್ಯಾಹ್ನದ ಊಟಕ್ಕೆ ರಾಮೋನನನ್ನು ಕರೆದಿದ್ದೆವು. ಬಿಸಿಬೇಳೆಬಾತ್ ಅವನಿಗೆ ಪ್ರಾಣ, ಬೆಂಗಳೂರಿನಿಂದ ಪುಡಿ ತಂದಿದ್ದೆ.

ಬಂದವನು ಉಣ್ಣಲು ಕೂತ. ಎರಡು ಸಲ ಹಾಕಿಸಿಕೊಂಡ. ಕೇಳುವ ಧೈರ್ಯ ನನಗಿರಲಿಲ್ಲ. ಪಾಟೀಲರಿಗೆ ತಡೆಯಲಾಗಲಿಲ್ಲ, ಅವರ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು: ಕೋಚ್ ಏನಂದ?

ರಾಮೋನ್ ತಟ್ಟೆಯಲ್ಲಿ ಬೆರಳಾಡಿಸುತ್ತಾ ಹೇಳಿದ. “ನಿನ್ನ ಕಾಲು ಇನ್ನೊಂದು ವರ್ಷ ತಡೆಯುತ್ತಾ ಅಂತ ಕೇಳಿದ. ತಡೆದರೆ ಕಾಗದ ರೆಡಿ ಇದೆ ಅಂದ. ನಮ್ಮ ಕಿಟ್ ಮ್ಯಾನೇಜರನ್ನ ಕೇಳಿ ಹೇಳ್ತೀನಿ ಅಂದೆ.” ಜೇಬಿನಿಂದ ಆ ಕಪ್ಪು ಕಾರ್ಕ್ ತೆಗೆದು ನನ್ನ ಮುಂದಿಟ್ಟ. “ನೋಡು ಸೀನಾ. ನಿಜ ಹೇಳು.”

ಕೈ ತೊಳೆದು ಬಂದು ನೋಡಿದೆ. ಬೆಳಕಿಗೆ ಹಿಡಿದೆ, ಬಗ್ಗಿಸಿದೆ, ಉಗುರಿನಿಂದ ಒತ್ತಿದೆ. ಹುಣಸೆ ಬೀಜದಷ್ಟಿದ್ದದ್ದು ಹಪ್ಪಳವಾಗಿತ್ತು. ನಿನ್ನೆಯ ಆಟ ಇದರ ಮೇಲೆ ಹೇಗೆ ಆಡಿದನೋ ದೇವರೇ ಬಲ್ಲ. ಬೂಟಿನ ವಿಷಯದಲ್ಲಿ ಅವನಿಗೆ ಒಂದು ಸಲ ಮುಚ್ಚಿಟ್ಟಿದ್ದೆ, ಇನ್ನೊಂದು ಸಲ ಆಗುವುದಿಲ್ಲ.

“ಇದು ಮುಗೀತು,” ಎಂದೆ. “ಇನ್ನೊಂದು ವಾರವೂ ಬರಲ್ಲ.”

ಅವನು ತಲೆ ತಗ್ಗಿಸಿದ. ಸರಿ ಎನ್ನುವ ಹಾಗೆ ನಿಧಾನವಾಗಿ ತಲೆ ಆಡಿಸಿದ. ಶೈಲೂ ನನ್ನ ಕಡೆ ನೋಡಿ ಕಣ್ಣು ದೊಡ್ಡದು ಮಾಡಿದಳು.

“ಅದಕ್ಕೇ ಹಾಳೆ ತಂದಿರೋದು, ಪೆದ್ದಾ,” ಎಂದೆ. “ಕಾಲು ಕೊಡಿಲ್ಲಿ, ಅಳತೆ ತಗೋಬೇಕು. ಬೂಟೆಲ್ಲಿ?”

ಅವನು ಎದ್ದು ಬಂದು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ಇಬ್ಬರೂ ಸೋಫಾ ಮೇಲೆ ಬಿದ್ದೆವು. ಅತ್ತದ್ದು ಅವನೋ ನಾನೋ ಗೊತ್ತಿಲ್ಲ. ಬೂಟೆಲ್ಲಿ ಎಂದು ಮತ್ತೆ ಕೇಳಿದೆ. ಬಾಗಿಲ ಕಡೆ ಕೈ ತೋರಿಸಿದ. ನಮ್ಮ ಮನೆಗಳಿಗೆ ಬಂದು ಕಲಿತ ಮರ್ಯಾದೆ ಬಿಡದೆ, ಜೊತೆಗೆ ತಂದಿದ್ದ ಆಟದ ಬೂಟನ್ನೂ ಹೊರಗೇ ಬಿಟ್ಟು ಬಂದಿದ್ದ!

ಅರವತ್ತೊಂದು ವರ್ಷದಲ್ಲಿ ನಾನು ಹಾಗೆ ಓಡಿದ್ದಿಲ್ಲ. ಬಾಗಿಲು ತೆರೆದೆ. ಎರಡೂ ಇದ್ದವು, ಒಂದು ಕಪ್ಪು, ಒಂದು ಹಳದಿ, ಲೇಸಿಗೆ ಲೇಸು ಬಿಗಿಯಾಗಿ ಗಂಟು ಹಾಕಿತ್ತು. ಎರಡನ್ನೂ ಎದೆಗೊತ್ತಿಕೊಂಡು ಹೊಸಿಲು ದಾಟಿ ಒಳಗೆ ತಂದೆ.